ಫಿಲಂ ಮೇಲಿನ ಚುಕ್ಕೆಸಾಲು

ಮುದ್ರಣದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ದೊಡ್ಡ ಹೆಸರುಗಳಿಂದ ಆರಂಭಿಸುತ್ತೇವೆ. ಗುಟೆನ್‌ಬರ್ಗ್, ಸೆನೆಫೆಲ್ಡರ್, ನಮ್ಮಲ್ಲಿಗೆ ಬಂದರೆ ಮೋಗ್ಲಿಂಗ್, ಕಿಟೆಲ್. ಯಂತ್ರ ಕಂಡುಹಿಡಿದವನಿಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಆ ಯಂತ್ರ ತನ್ನ ಕೆಲಸಕ್ಕೆ ಒಗ್ಗದೆಂದು ಕಂಡು ಅದರ ಹೊಟ್ಟೆ ಬಿಚ್ಚಿ, ಒಂದು ಭಾಗ ಕಿತ್ತು, ಇನ್ನೊಂದನ್ನು ಉಜ್ಜಿ, ಮತ್ತೆ ಜೋಡಿಸಿ ಕೆಲಸ ಸಾಗಿಸಿದವನಿಗೆ ಒಂದು ಸಾಲೂ ಸಿಗುವುದಿಲ್ಲ. ನಾವಿಲ್ಲಿ ಹೇಳಹೊರಟಿರುವುದು ಈ ಎರಡನೆಯವನ ಕಥೆ. ವಿಷಯ ತೀರಾ ಚಿಕ್ಕದು. ಕಚೇರಿಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಪಾರದರ್ಶಕ ಫಿಲಂ ಮೇಲೆ ಮುದ್ರಿಸಿದಾಗ ಬೀಳುವ ಚುಕ್ಕೆಗಳ ಒಂದು ಸಾಲು, ಮತ್ತು ಅದನ್ನು ತೊಲಗಿಸಲು ಜನ ಪಟ್ಟ ಪಾಡು.

ಈ ಚುಕ್ಕೆಗಳು ಎಲ್ಲಿಂದ ಬರುತ್ತವೆ? ಇಂಕ್‌ಜೆಟ್ ಯಂತ್ರದಲ್ಲಿ ಕಾಗದವನ್ನು ಎರಡು ಕಡೆ ಹಿಡಿಯಬೇಕು. ಶಾಯಿ ಚಿಮ್ಮುವ ತಲೆಗಿಂತ ಮುಂಚೆ ಒಮ್ಮೆ, ಅದನ್ನು ದಾಟಿದ ಮೇಲೆ ಇನ್ನೊಮ್ಮೆ. ಮುಂಚಿನದು ಸುಲಭ. ಅಲ್ಲಿ ಕಾಗದ ಒಣಗಿರುತ್ತದೆ, ಉರುಳೆಗಳು ಎಷ್ಟು ಬಿಗಿಯಾಗಿ ಒತ್ತಿದರೂ ನಷ್ಟವಿಲ್ಲ. ದಾಟಿದ ಮೇಲೆ ಶಾಯಿ ಇನ್ನೂ ಹಸಿ. ಮೇಲಿನಿಂದ ರಬ್ಬರ್ ಉರುಳೆ ಒತ್ತಿದರೆ ಬರಹ ಕದಡಿಹೋಗುತ್ತದೆ. ಒತ್ತದೆ ಬಿಟ್ಟರೆ ಒದ್ದೆಯಾದ ಕಾಗದ ಉಬ್ಬಿ ಮೇಲೆದ್ದು ತಲೆಗೆ ತಾಗುತ್ತದೆ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಜಾಣತನದ್ದೇ. ಕೆಳಗೆ ರಬ್ಬರ್ ಉರುಳೆ, ಮೇಲೆ ತೆಳು ಲೋಹದ ಹಲ್ಲುಚಕ್ರಗಳ ಒಂದು ಸಾಲು. ನಮ್ಮ ಅಡುಗೆಮನೆಗಳಲ್ಲಿ ಕರ್ಜಿಕಾಯಿಯ ಅಂಚು ಕತ್ತರಿಸುವ ಚಕ್ರವನ್ನು, ಅಥವಾ ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕುವ ಚಕ್ರವನ್ನು ನೆನೆಸಿಕೊಳ್ಳಿ. ಅಮೆರಿಕದವರು ಇದನ್ನು ಪಿಜ್ಜಾ ಚಕ್ರ ಎನ್ನುತ್ತಾರೆ. ಒಂದೊಂದು ಹಲ್ಲೂ ಸೂಜಿಮೊನೆಯಷ್ಟೇ ಜಾಗ ಮುಟ್ಟುವುದರಿಂದ ಶಾಯಿ ಕದಡುವುದಿಲ್ಲ. ಸಾದಾ ಕಾಗದದ ನಾರು ಆ ಮೊನೆಗುರುತನ್ನು ನುಂಗಿಬಿಡುತ್ತದೆ. ಪತ್ರ, ಬಿಲ್ಲು, ಅಂಕಪಟ್ಟಿ ಮುದ್ರಿಸುವವರಿಗೆ ಇಂಥದೊಂದು ಚಕ್ರ ಇದೆಯೆಂಬುದೇ ತಿಳಿಯದು.

ಫಿಲಂ ಕಾಗದದಂತಲ್ಲ. ಅದು ಪಾಲಿಯೆಸ್ಟರ್ ಹಾಳೆ, ತಾನಾಗಿ ಒಂದು ಹನಿ ಶಾಯಿಯನ್ನೂ ಹೀರಲಾರದು. ಅದರ ಮೇಲೆ ತೆಳುವಾದೊಂದು ಲೇಪ ಕೊಟ್ಟು ಶಾಯಿ ನಿಲ್ಲುವಂತೆ ಮಾಡಿರುತ್ತಾರೆ. ಶಾಯಿ ಕುಡಿದ ಈ ಲೇಪ ಕೆಲಹೊತ್ತು ಮೆತ್ತಗಿರುತ್ತದೆ. ಅದೇ ಹೊತ್ತಿಗೆ ಹಲ್ಲುಚಕ್ರ ಅದರ ಮೇಲೆ ನಡೆದುಹೋಗುತ್ತದೆ. ಬೆಳಕಿಗೆ ಹಿಡಿದರೆ ಕಪ್ಪಿನ ನಡುವೆ ಇರುವೆಗಳು ಸಾಲುಗಟ್ಟಿ ಹೋದಂತೆ ಬಿಳಿಯ ಚುಕ್ಕೆಗಳು. ಬರಿಗಣ್ಣಿಗೆ ಅಷ್ಟೇನೂ ಕಾಣದ ಈ ಚುಕ್ಕೆ ಯಾರಿಗೆ ಏಕೆ ತಲೆನೋವಾಗಬೇಕು ಎಂದು ತಿಳಿಯಬೇಕಾದರೆ ಫಿಲಂ ಎಂಬ ವಸ್ತು ಮುದ್ರಣದಲ್ಲಿ ಏನು ಮಾಡುತ್ತಿತ್ತೆಂದು ತಿಳಿಯಬೇಕು. ಅದಕ್ಕಾಗಿ ಕಲ್ಲಿನ ಕಾಲಕ್ಕೆ ಹೋಗಬೇಕು.

ಬವೇರಿಯಾದ ಅಲೋಯ್ಸ್ ಸೆನೆಫೆಲ್ಡರ್ 1796ರಲ್ಲಿ ಕಂಡುಕೊಂಡ ಕಲ್ಲಚ್ಚು ನಮ್ಮ ದೇಶಕ್ಕೆ ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಂತು. ಎಣ್ಣೆ ನೀರು ಬೆರೆಯುವುದಿಲ್ಲ ಎಂಬುದೇ ಅದರ ಮೂಲಸೂತ್ರ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಅಚ್ಚಿನ ಮಸಿ ಉರುಳಿಸಿದರೆ ಬರೆದ ಕಡೆ ಮಾತ್ರ ಮಸಿ ಹಿಡಿಯುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು ಹೀಗೆ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಕನ್ನಡ ಬಹುಬೇಗ ಮೊಳೆಯಚ್ಚಿಗೆ ದಾಟಿತು. ಉರ್ದು ದಾಟಲಿಲ್ಲ. ನಸ್ತಾಲೀಖ್ ಲಿಪಿಯಲ್ಲಿ ಅಕ್ಷರಗಳು ಒಂದರ ಹೆಗಲ ಮೇಲೊಂದು ಕೂತು ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿಯುತ್ತವೆ. ಅವನ್ನು ಸೀಸದ ತುಂಡುಗಳಾಗಿ ಒಡೆಯುವುದು ಕಷ್ಟ. ಒಡೆದರೂ ಓದುಗರಿಗೆ ಒಪ್ಪಿತವಾಗಲಿಲ್ಲ. ಹಾಗಾಗಿ ಉರ್ದು ಫಾರಸಿಗಳ ಪಾಲಿಗೆ ಕಲ್ಲಚ್ಚು ವರದಾನವೇ ಆಯಿತು. 1858ರಲ್ಲಿ ಲಖನೌದಲ್ಲಿ ಮುನ್ಶಿ ನವಲ್ ಕಿಶೋರ್ ಆರಂಭಿಸಿದ ಮುದ್ರಣಾಲಯ ಕುರ್‌ಆನ್‌ನಿಂದ ಹಿಡಿದು ಹಿಂದೂ ಧರ್ಮಗ್ರಂಥಗಳವರೆಗೆ ಎಲ್ಲವನ್ನೂ ಕಲ್ಲಿನಲ್ಲಿ ಅಚ್ಚಿಸಿತು. ನಮ್ಮ ಕರಾವಳಿಯ ನೆರೆಯ ಮಲಬಾರಿನಲ್ಲಿ ಅರಬಿ-ಮಲಯಾಳದ ಪುಸ್ತಕಗಳೂ ಇದೇ ದಾರಿ ಹಿಡಿದವು.

ಈ ಕಲ್ಲಚ್ಚಿನ ಮನೆಗಳಲ್ಲಿ ಕಾತಿಬನ ಜೊತೆಗೆ ಇನ್ನೊಬ್ಬನಿದ್ದ. ಅವನ ಹೆಸರು ಸಂಗ್‌ಸಾಜ್. ಸಂಗ್ ಎಂದರೆ ಕಲ್ಲು. ಕಾತಿಬ ಲೇಪದ ಕಾಗದದ ಮೇಲೆ ಬರೆದದ್ದನ್ನು ಕಲ್ಲಿಗೆ ಇಳಿಸಿದಾಗ ಅದು ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ. ಅಲ್ಲಿ ಒಂದು ನುಕ್ತಾ ಹಾರಿಹೋಗಿದ್ದರೆ, ಒಂದು ಗೆರೆ ಮುರಿದಿದ್ದರೆ ಅದನ್ನು ಕಲ್ಲಿನ ಮೇಲೆಯೇ ತಿರುವುಮುರುವಾಗಿ ಬರೆದು ಸರಿಪಡಿಸುವವನು ಸಂಗ್‌ಸಾಜ್. ಒಂದು ಚುಕ್ಕೆ ಹೆಚ್ಚು ಕಡಿಮೆಯಾದರೆ ‘ಬ’ ‘ತ’ ಆಗುವ ಲಿಪಿಯಲ್ಲಿ ಇವನ ಹೊಣೆ ಎಷ್ಟು ದೊಡ್ಡದು! ಉರ್ದು ಸಾಹಿತ್ಯದ ಚರಿತ್ರೆಗಳಲ್ಲಿ ಶಾಯರನಿಗೆ ಸಿಂಹಾಸನ, ಖುಶ್‌ನವೀಸನಿಗೆ ಒಂದು ಕುರ್ಚಿ. ಸಂಗ್‌ಸಾಜನಿಗೆ ಚಾಪೆಯೂ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಕಲ್ಲಿನ ಜಾಗಕ್ಕೆ ಲೋಹದ ತಗಡು ಬಂತು, ತಗಡಿಗೆ ಬರಹವನ್ನು ಇಳಿಸುವ ಕೆಲಸಕ್ಕೆ ಛಾಯಾಗ್ರಹಣದ ಫಿಲಂ ಬಂತು. ಇದು ಮನೆಯ ಫೋಟೊಗಳ ಫಿಲಂ ಅಲ್ಲ. ಇದಕ್ಕೆ ಬೂದುಬಣ್ಣವೇ ಗೊತ್ತಿಲ್ಲ. ಒಂದೋ ಬೆಳಕು ಒಂದಿಷ್ಟೂ ನುಸುಳದ ಕಪ್ಪು, ಇಲ್ಲವೇ ಗಾಜಿನಂಥ ಬಿಳುಪು. ಮುದ್ರಕರು ಇದನ್ನು ಲಿತ್ ಫಿಲಂ ಎನ್ನುತ್ತಿದ್ದರು. ಪುಟವನ್ನು ದೊಡ್ಡ ಕ್ಯಾಮೆರಾದ ಮುಂದೆ ನಿಲ್ಲಿಸಿ ಫಿಲಂ ತೆಗೆಯುವುದು, ಫಿಲಮ್ಮನ್ನು ತಗಡಿನ ಮೇಲೆ ಒತ್ತಿ ಬೆಳಕು ಹಾಯಿಸುವುದು, ತಗಡನ್ನು ಯಂತ್ರಕ್ಕೆ ಏರಿಸುವುದು. ಚೆನ್ನೈನ ಟ್ರಿಪ್ಲಿಕೇನಿನಲ್ಲಿ 1927ರಲ್ಲಿ ಆರಂಭವಾದ ಉರ್ದು ದಿನಪತ್ರಿಕೆ ‘ದಿ ಮುಸಲ್ಮಾನ್’ನ ಪುಟಗಳನ್ನು ಕಾತಿಬರು ಕೈಯಲ್ಲೇ ಬರೆದು ನೆಗೆಟಿವ್‌ಗೆ ಇಳಿಸಿ ಆಫ್‌ಸೆಟ್ಟಿನಲ್ಲಿ ಮುದ್ರಿಸಿದ ಕಥೆ ಅನೇಕರಿಗೆ ಗೊತ್ತು. ಅಂದರೆ ಕಲಮಿನ ಕಾಲಕ್ಕೂ ಯಂತ್ರದ ಕಾಲಕ್ಕೂ ಸೇತುವೆಯಾಗಿ ನಿಂತದ್ದು ಫಿಲಂ.

ಈ ಫಿಲಮ್ಮಿನಲ್ಲೂ ಚುಕ್ಕೆಗಳ ಕಾಟವಿತ್ತು. ಕಾಪಿ ಹಲಗೆಯ ಮೇಲೊಂದು ಧೂಳಿನ ಕಣ, ಡೆವಲಪರಿನಲ್ಲೊಂದು ಗಾಳಿಗುಳ್ಳೆ ಸಾಕು. ಕಪ್ಪಿನ ನಡುವೆ ಸೂಜಿತೂತು ಬೀಳುತ್ತಿತ್ತು. ಪ್ರತಿ ಆಫ್‌ಸೆಟ್ ಮುದ್ರಣಾಲಯದಲ್ಲೂ ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮುಂದೆ ಕೂತು, ಸಣ್ಣ ಕುಂಚದಲ್ಲಿ ಕೆಂಪೋ ಕಂದೋ ಬಣ್ಣದ ಗಟ್ಟಿ ದ್ರವವನ್ನು ಅದ್ದಿ, ಒಂದೊಂದೇ ತೂತನ್ನು ಮುಚ್ಚುವ ಕೆಲಸಗಾರನಿದ್ದ. ‘ಓಪೇಕ್ ಮಾಡುವುದು’ ಎಂದು ಆ ಕೆಲಸಕ್ಕೆ ಹೆಸರು. ದಿನಕ್ಕೆ ಎಂಟು ತಾಸು ಬೆಳಕನ್ನೇ ದಿಟ್ಟಿಸುವ ಈ ಕೆಲಸ ಎಷ್ಟು ಕಣ್ಣುಗಳನ್ನು ತಿಂದಿತೋ! ಸಂಗ್‌ಸಾಜನ ನೇರ ವಾರಸುದಾರ ಇವನು.

ಫಿಲಮ್ಮನ್ನು ಆಶ್ರಯಿಸಿದ ಇನ್ನೊಂದು ದೊಡ್ಡ ವರ್ಗ ಸ್ಕ್ರೀನ್ ಪ್ರಿಂಟಿಂಗಿನವರದು. ನಮ್ಮ ಯಾವ ಪೇಟೆಯಲ್ಲಾದರೂ ಹುಡುಕಿ ನೋಡಿ, ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಂಥದೊಂದು ಕೋಣೆ ಸಿಗುತ್ತದೆ. ಮದುವೆ ಕಾಗದ, ಕೈಚೀಲ, ಮದುವೆಯಲ್ಲಿ ಹಂಚುವ ಸ್ಟೀಲ್ ಡಬ್ಬಿಗಳ ಮೇಲಿನ ಹೆಸರು, ಶಾಲೆಯ ಮಕ್ಕಳ ಟೀಶರ್ಟು, ಫ್ಲೆಕ್ಸ್ ಬರುವ ಮುನ್ನ ಚುನಾವಣೆಯ ಬಟ್ಟೆ ಬ್ಯಾನರು, ಎಲ್ಲವೂ ಅಲ್ಲೇ. ಬಂಡವಾಳ ಕಡಿಮೆ, ಜಾಗ ಕಡಿಮೆ, ಓದು ಕಡಿಮೆಯಿದ್ದರೂ ನಡೆಯುತ್ತದೆ. ಹೀಗಾಗಿ ಬೇರೆ ಬಾಗಿಲು ಮುಚ್ಚಿದವರು ಹಿಡಿದ ಕಸುಬು ಇದು. ನಮ್ಮ ಸಮುದಾಯದ ಹುಡುಗರು ಗ್ಯಾರೇಜು, ವೆಲ್ಡಿಂಗುಗಳ ಜೊತೆಗೆ ಈ ಕೋಣೆಗಳಲ್ಲೂ ಕೆಲಸ ಕಲಿತಿದ್ದಾರೆ.

ಇದರ ತಂತ್ರ ಸರಳ. 1907ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆ ಜಾಲರಿಯ ಮುದ್ರಣಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಬಹಳ ಹಿಂದೆಯೇ ಜಪಾನೀಯರು ಕಾಗದ ಕತ್ತರಿಸಿ ಬಟ್ಟೆಗೆ ಬಣ್ಣ ಹಾಕುತ್ತಿದ್ದರು. ಬೆಳಕು ಬಿದ್ದ ಕಡೆ ಗಟ್ಟಿಯಾಗುವ ಅಂಟನ್ನು ಜಾಲರಿಗೆ ಬಳಿಯುವ ಕ್ರಮ ಆಮೇಲೆ ಬಂತು. ಡೈಕ್ರೋಮೇಟ್ ಲವಣಕ್ಕೆ ಬೆಳಕಿನ ಸೂಕ್ಷ್ಮತೆ ಇದೆಯೆಂದು 1839ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಮಂಗೊ ಪಾಂಟನ್ ಗುರುತಿಸಿದ್ದ. (ಅದು ಚರ್ಮವನ್ನೂ ಶ್ವಾಸಕೋಶವನ್ನೂ ಸುಡುವ ವಿಷ. ಡಯಾಜೊ ಬಂದ ಮೇಲೂ ಅಗ್ಗವೆಂಬ ಕಾರಣಕ್ಕೆ ಅದನ್ನೇ ಬರಿಗೈಯಲ್ಲಿ ಕಲಸಿದವರಿದ್ದಾರೆ. ಅದು ಬೇರೆಯೇ ಲೇಖನದ ವಿಷಯ.) ಅಂಟು ಬಳಿದ ಜಾಲರಿಯ ಮೇಲೆ ಫಿಲಂ ಇಟ್ಟು ಬಿಸಿಲಿಗೋ ಟ್ಯೂಬ್‌ಲೈಟಿಗೋ ಒಡ್ಡಿದರೆ ಕಪ್ಪಿನ ಕೆಳಗಿನ ಅಂಟು ಮೆತ್ತಗೇ ಉಳಿಯುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ನೀರು ಹಾಕಿದರೆ ಮೆತ್ತಗಿನದು ತೊಳೆದುಹೋಗಿ ಅಕ್ಷರದ ದಾರಿ ತೆರೆಯುತ್ತದೆ. ಈಗ ಕಪ್ಪಿನಲ್ಲಿ ಸೂಜಿಯಷ್ಟು ತೂತಿದ್ದರೆ? ಅಷ್ಟು ಜಾಗದಲ್ಲಿ ಬೆಳಕು ನುಗ್ಗಿ ಅಂಟು ಗಟ್ಟಿಯಾಗುತ್ತದೆ, ಶಾಯಿ ಇಳಿಯುವುದಿಲ್ಲ. ಮದುಮಗಳ ಹೆಸರಿನ ದಪ್ಪ ಚಿನ್ನದ ಅಕ್ಷರದ ಮೇಲೆ ಅಡ್ಡಕ್ಕೆ ಒಂದು ಬಿಳಿಯ ಚುಕ್ಕೆಸಾಲು. ಐನೂರು ಕಾರ್ಡು ಮುದ್ರಿಸಿದರೆ ಐನೂರರ ಮೇಲೂ ಅದೇ ಸಾಲು, ಅದೇ ಜಾಗದಲ್ಲಿ.

ಫಿಲಂ ಸಿಗುತ್ತಿದ್ದಷ್ಟು ಕಾಲ ಇಂಕ್‌ಜೆಟ್ಟಿನ ಗೊಡವೆ ಇವರಿಗೆ ಬೇಕಿರಲಿಲ್ಲ. ಪೇಟೆಯ ದೊಡ್ಡ ಮುದ್ರಣಾಲಯಕ್ಕೋ ಹತ್ತಿರದ ನಗರಕ್ಕೋ ಹೋಗಿ ಫಿಲಂ ತೆಗೆಸಿ ತರುತ್ತಿದ್ದರು. ಈ ಏರ್ಪಾಡು ಹೇಗೆ ಕುಸಿಯಿತೆಂಬುದು ಗಮನಿಸಬೇಕಾದದ್ದು. 1980ರ ದಶಕದಲ್ಲಿ ಪೋಸ್ಟ್‌ಸ್ಕ್ರಿಪ್ಟ್, ಪೇಜ್‌ಮೇಕರ್ ಬಂದವು, ಕಂಪ್ಯೂಟರಿನಿಂದ ನೇರವಾಗಿ ಫಿಲಮ್ಮಿಗೆ ಬರೆಯುವ ಇಮೇಜ್‌ಸೆಟರ್ ಬಂತು. ಲಾಹೋರಿನಲ್ಲಿ ‘ಜಂಗ್’ ಪತ್ರಿಕೆ 1981ರಲ್ಲೇ ಮಿರ್ಜಾ ಅಹ್ಮದ್ ಜಮೀಲರ ನೂರಿ ನಸ್ತಾಲೀಖ್ ಲಿಪಿಯನ್ನು ಕಂಪ್ಯೂಟರಿನಲ್ಲಿ ಬಳಸಿತು. 1994ರಲ್ಲಿ ದಿಲ್ಲಿಯಿಂದ ಬಂದ ಇನ್‌ಪೇಜ್ ತಂತ್ರಾಂಶ ನಮ್ಮ ದೇಶದ ಕಾತಿಬರ ಕೈಯಿಂದ ಕಲಂ ಕೆಳಗಿಡಿಸಿತು. ಅಲ್ಲಿಯವರೆಗೆ ಫಿಲಮ್ಮಿಗೆ ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. 1990ರ ದಶಕದ ನಡುವೆ ಕಂಪ್ಯೂಟರಿನಿಂದ ನೇರವಾಗಿ ತಗಡಿಗೇ ಬರೆಯುವ ಯಂತ್ರಗಳು ಮಾರುಕಟ್ಟೆಗೆ ಬಂದವು. ಫಿಲಂ ಎಂಬ ಹಂತವೇ ಬೇಡವಾಯಿತು. ದೊಡ್ಡ ಮುದ್ರಣಾಲಯಗಳು ಒಂದೊಂದಾಗಿ ಇಮೇಜ್‌ಸೆಟರ್ ಮಾರಿದವು. ಫಿಲಂ ತಯಾರಿಸುತ್ತಿದ್ದವರು ತಯಾರಿಕೆ ಕಡಿತಗೊಳಿಸಿದರು. ದೊಡ್ಡವರಿಗೆ ಉಳಿತಾಯ. ಆದರೆ ಜಾಲರಿಗೆ ನೇರವಾಗಿ ಬರೆಯುವ ಯಂತ್ರ ಓಣಿಯ ಕೋಣೆಗೆ ಎಟುಕುವ ಬೆಲೆಯದ್ದಲ್ಲ. ಸ್ಕ್ರೀನ್ ಪ್ರಿಂಟರು, ಸಣ್ಣ ಪ್ರಮಾಣದಲ್ಲಿ ಸರ್ಕಿಟ್ ಹಲಗೆ ಮಾಡುವವರು, ಹಳೆಯ ಪ್ಲಾಟಿನಂ ಪದ್ಧತಿಯಲ್ಲಿ ಚಿತ್ರ ಮುದ್ರಿಸುವ ಛಾಯಾಗ್ರಾಹಕರು ಎಲ್ಲರಿಗೂ ಫಿಲಂ ಬೇಕೇ ಬೇಕಿತ್ತು. ಅವರನ್ನು ಕೇಳಿ ಯಾರೂ ಅದನ್ನು ನಿಲ್ಲಿಸಲಿಲ್ಲ.

ಬಟರ್ ಪೇಪರಿನ ಮೇಲೆ ಲೇಸರ್ ಪ್ರಿಂಟ್ ತೆಗೆದು ಎಣ್ಣೆ ಸವರುವುದು ನಮ್ಮವರ ಮೊದಲ ಉಪಾಯ. ಸಾದಾ ಅಕ್ಷರಕ್ಕೆ ಸಾಕು; ನವಿರಾದ ಗೆರೆಗೆ, ದಟ್ಟ ಕಪ್ಪಿಗೆ ಸಾಲದು. ಲೇಸರಿನ ಬಿಸಿಗೆ ಹಾಳೆ ಕುಗ್ಗಿ, ಎರಡು ಬಣ್ಣಗಳ ಕೆಲಸದಲ್ಲಿ ಒಂದರ ಮೇಲೊಂದು ಕೂರದೆ ಹೋಗುತ್ತದೆ. ಆಗ ಕಣ್ಣು ಬಿದ್ದದ್ದು ಇಂಕ್‌ಜೆಟ್ಟಿನ ಮೇಲೆ.

ಇಂಕ್‌ಜೆಟ್ಟಿನ ಹುಟ್ಟು ಕಚೇರಿಯಲ್ಲಿ ಅಲ್ಲ, ಆಸ್ಪತ್ರೆಯಲ್ಲಿ ಎಂದರೆ ಓದುಗರಿಗೆ ಅಚ್ಚರಿಯಾದೀತು. ದ್ರವದ ಸಣ್ಣ ಧಾರೆ ಹನಿಗಳಾಗಿ ಒಡೆಯುವ ನಿಯಮವನ್ನು ಲಾರ್ಡ್ ರೇಲೀ 1870ರ ದಶಕದ ಕೊನೆಯಲ್ಲಿ ಗಣಿತದಿಂದ ವಿವರಿಸಿದ್ದ. ಅದನ್ನು ಬರೆಯುವ ಸಾಧನವಾಗಿ ಮಾಡಿದವನು ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್. 1951ರಲ್ಲಿ ಅವನು ಪೇಟೆಂಟ್ ಪಡೆದ ಉಪಕರಣ ಹೃದಯಬಡಿತದ ಗೆರೆಯನ್ನು ಶಾಯಿಯ ಧಾರೆಯಿಂದ ಕಾಗದದ ಮೇಲೆ ಬರೆಯುತ್ತಿತ್ತು. ಇದೇ ಎಲ್ಮ್‌ಕ್ವಿಸ್ಟ್ 1958ರಲ್ಲಿ ದೇಹದೊಳಗೆ ಇಡುವ ಮೊದಲ ಪೇಸ್‌ಮೇಕರ್ ತಯಾರಿಸಿದ. ಅದೇ ದೇಶದ ಲುಂಡ್ ನಗರದಲ್ಲಿ ಶಬ್ದದಲೆಯಿಂದ ಹೃದಯವನ್ನು ನೋಡುವ ವಿಧಾನ ರೂಪಿಸಿದ ಇಬ್ಬರಲ್ಲಿ ಒಬ್ಬನಾದ ಹೆಲ್ಮುತ್ ಹರ್ಟ್ಜ್ ಮುಂದೆ ಬಣ್ಣದ ಇಂಕ್‌ಜೆಟ್ಟಿಗೂ ತಳಹದಿ ಹಾಕಿದ. ಆಮೇಲಿನದು ಕಂಪನಿಗಳ ಕಥೆ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಬಿಸಿ ಸಾಲ್ಡರಿಂಗ್ ಕಡ್ಡಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿ ಶಾಯಿ ಚಿಮ್ಮಿದ್ದು, ಅದರಿಂದ ಇಚಿರೊ ಎಂಡೊ ಬಿಸಿಗುಳ್ಳೆಯ ತತ್ತ್ವ ಹಿಡಿದದ್ದು. 1984ರಲ್ಲಿ ಎಚ್‌ಪಿಯ ಥಿಂಕ್‌ಜೆಟ್. 1994ರಲ್ಲಿ ಎಪ್ಸನ್ನಿನ ಬಣ್ಣದ ಸ್ಟೈಲಸ್, ಅಂಗುಲಕ್ಕೆ 720 ಚುಕ್ಕೆ.

ಇಂಕ್‌ಜೆಟ್ ಯಂತ್ರವನ್ನು ತನಗೆ ಬೇಕಾದಂತೆ ತಿದ್ದಿದ ಮೊದಲ ಹೆಸರಾಂತ ಪ್ರಸಂಗ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಗ್ರಹಾಂ ನ್ಯಾಶ್ ಹಾಡುಗಾರ, ‘ಕ್ರಾಸ್ಬಿ, ಸ್ಟಿಲ್ಸ್ ಆ್ಯಂಡ್ ನ್ಯಾಶ್’ ತಂಡದವನು, ಫೋಟೊಗಳ ಹುಚ್ಚಿನವನು. 1990ರಲ್ಲಿ ತಾನು ಕೂಡಿಟ್ಟ ಹಳೆಯ ಛಾಯಾಚಿತ್ರಗಳ ಸಂಗ್ರಹವನ್ನು ಹರಾಜು ಹಾಕಿದ. ಐರಿಸ್ 3047 ಎಂಬ ಇಂಕ್‌ಜೆಟ್ ಯಂತ್ರ ಅವನ ಕೈಗೆ ಬಂತು. ಬೆಲೆ 1,26,000 ಡಾಲರ್! ಅದು ಮುದ್ರಣಾಲಯಗಳು ಕರಡಚ್ಚು ತೆಗೆದು ನೋಡಲು ಮಾಡಿದ ಯಂತ್ರ, ಹರ್ಟ್ಜ್‌ನ ತತ್ತ್ವದ್ದೇ. ತೆಳು ಹೊಳಪು ಕಾಗದವನ್ನು ತಿರುಗುವ ಡ್ರಮ್ಮಿಗೆ ಸುತ್ತಬೇಕು. ನ್ಯಾಶ್‌ಗೆ ಬೇಕಿದ್ದದ್ದು ಚಿತ್ರಕಾರರು ಬಳಸುವ ದಪ್ಪ ಹತ್ತಿಕಾಗದ. ದಪ್ಪ ಕಾಗದ ಶಾಯಿಯ ತಲೆಗೆ ಉಜ್ಜುತ್ತದೆ. ನ್ಯಾಶ್‌ನ ಗೆಳೆಯ ಮ್ಯಾಕ್ ಹೋಲ್ಬರ್ಟ್ ಗರಗಸ ತಂದು ಆ ದುಬಾರಿ ಯಂತ್ರದ ಭಾಗವನ್ನು ಕುಯ್ದು ತಲೆಯನ್ನು ಹಿಂದಕ್ಕೆ ಸರಿಸಿದ. ಗ್ಯಾರಂಟಿ ಆ ಕ್ಷಣವೇ ಸತ್ತಿತು. 1991ರಲ್ಲಿ ಅವರ ‘ನ್ಯಾಶ್ ಎಡಿಷನ್ಸ್’ ಆರಂಭವಾಯಿತು. ಆ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು. ಹೋಲ್ಬರ್ಟ್‌ನ ಗರಗಸವನ್ನು ಕಲೆಯ ಚರಿತ್ರೆ ಮೆಚ್ಚಿ ಬರೆದಿದೆ. ನಮ್ಮ ಓಣಿಯ ಹುಡುಗ ಸ್ಕ್ರೂಡ್ರೈವರ್ ಹಿಡಿದು ಇದನ್ನೇ ಮಾಡಿದರೆ ಅದಕ್ಕೆ ‘ಜುಗಾಡ್’ ಎಂದು ನಕ್ಕುಬಿಡುತ್ತಾರೆ.

ಫಿಲಮ್ಮಿನ ವಿಷಯಕ್ಕೆ ಬರೋಣ. ಪ್ಲಾಟಿನಂ ಮುದ್ರಣದಲ್ಲಿ ಚಿತ್ರ ಎಷ್ಟು ದೊಡ್ಡದೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. 1990ರ ದಶಕದಲ್ಲಿ ಅಮೆರಿಕದ ಡ್ಯಾನ್ ಬರ್ಕ್‌ಹೋಲ್ಡರ್ ಕಂಪ್ಯೂಟರಿನಲ್ಲಿ ತಿದ್ದಿದ ಚಿತ್ರವನ್ನು ಇಮೇಜ್‌ಸೆಟರ್ ಅಂಗಡಿಯಲ್ಲಿ ದೊಡ್ಡ ನೆಗೆಟಿವ್ ಮಾಡಿಸಿ ಮುದ್ರಿಸುವ ಕ್ರಮವನ್ನು ಪುಸ್ತಕ ಬರೆದು ಎಲ್ಲರಿಗೂ ಕಲಿಸಿಕೊಟ್ಟ. ಆ ಅಂಗಡಿಗಳು ಮುಚ್ಚುತ್ತ ಬಂದಾಗ ಅವನೂ ಅವನಂಥವರೂ ಮೇಜಿನ ಮೇಲಿನ ಎಪ್ಸನ್ನಿಗೆ ತಿರುಗಿದರು. ಕಣ್ಣಿಗೆ ತೆಳುವಾಗಿ ಕಾಣುವ ಕಿತ್ತಳೆ ಬಣ್ಣ ಅತಿನೇರಳೆ ಕಿರಣವನ್ನು ಚೆನ್ನಾಗಿ ತಡೆಯುತ್ತದೆ ಎಂಬಂಥ ವಿಷಯಗಳು ಆಗ ಪ್ರಯೋಗದಿಂದಲೇ ತಿಳಿದವು. ಹಲ್ಲುಚಕ್ರದ ಶಾಪ ಇವರಿಗೂ ತಟ್ಟಿತು. ನೆಗೆಟಿವ್‌ನಲ್ಲಿ ಆಕಾಶ ಕಪ್ಪಾಗಿರುತ್ತದೆ. ಆ ಕಪ್ಪಿಗೆ ಚಕ್ರ ತೂತು ಹೊಡೆದರೆ ಮುದ್ರಿಸಿದ ಚಿತ್ರದ ಬಿಳಿ ಆಕಾಶದಲ್ಲಿ ಕರಿಚುಕ್ಕೆಗಳ ಮೆರವಣಿಗೆ. ಹೀಗೆ ಕಲಾವಿದನ ಆಕಾಶಕ್ಕೂ ಮದುಮಗಳ ಹೆಸರಿಗೂ ಬಂದ ತೊಡಕು ಒಂದೇ.

ಪರಿಹಾರಗಳನ್ನು ಯಾವ ಕೈಪಿಡಿಯೂ ಹೇಳಿಕೊಡಲಿಲ್ಲ. ಯಂತ್ರದ ಮುಚ್ಚಳ ಬಿಚ್ಚಿದರೆ, ಹಲ್ಲುಚಕ್ರಗಳೆಲ್ಲ ಅನೇಕ ಮಾದರಿಗಳಲ್ಲಿ ಕಾಗದ ಹೊರಬರುವ ಬಾಯಿಯ ಮೇಲೆ ಅಡ್ಡಲಾಗಿ ಕೂತ ಒಂದೇ ಪಟ್ಟಿಗೆ ಸಿಕ್ಕಿಸಿರುತ್ತವೆ. ಒಂದೊಂದು ಚಕ್ರಕ್ಕೂ ಸಣ್ಣ ಸ್ಪ್ರಿಂಗ್ ತಂತಿಯೇ ಅಚ್ಚು. ಕೆಲವರು ಪಟ್ಟಿಯನ್ನೇ ಕಿತ್ತರು. ಕೆಲವರು ಪಟ್ಟಿಯ ಎರಡು ತುದಿಗೆ ಪ್ಲಾಸ್ಟಿಕ್ ಚೂರು ಕೊಟ್ಟು ಕೂದಲೆಳೆಯಷ್ಟು ಮೇಲೆತ್ತಿದರು. ಇನ್ನು ಕೆಲವರು ಚಿತ್ರ ಬರುವ ನಡುಭಾಗದ ಚಕ್ರಗಳನ್ನು ಮಾತ್ರ ತೆಗೆದು ಅಂಚಿನವನ್ನು ಉಳಿಸಿಕೊಂಡರು. ಅಂಚಿನಲ್ಲಿ ಹೇಗೂ ಶಾಯಿ ಬೀಳುವುದಿಲ್ಲ. ನಮ್ಮ ತಿಳಿವಿನಲ್ಲಿ ಈ ಮೂರನೆಯದೇ ಹೆಚ್ಚು ಬುದ್ಧಿವಂತಿಕೆಯದ್ದು. ಏಕೆಂದರೆ ಎಂಜಿನಿಯರು ಆ ಚಕ್ರವನ್ನು ಸುಮ್ಮನೆ ಇಟ್ಟಿರಲಿಲ್ಲ. ಪೂರ್ತಿ ಕಿತ್ತವರಿಗೆ ಅದರ ಪ್ರಯೋಜನ ಆಮೇಲೆ ತಿಳಿಯುತ್ತದೆ. ಫಿಲಮ್ಮಿನ ಹಿಂತುದಿ ಮೊದಲ ಉರುಳೆಯಿಂದ ಬಿಡಿಸಿಕೊಂಡ ಕೂಡಲೇ ಅದನ್ನು ಎಳೆಯುವವರೇ ಇಲ್ಲ; ಹಾಳೆ ನಿಂತುಬಿಡುತ್ತದೆ, ಕೊನೆಯ ಒಂದೆರಡು ಅಂಗುಲ ಒಂದರ ಮೇಲೊಂದು ಬೀಳುತ್ತದೆ. ಇದಕ್ಕೆ ಮರುಮದ್ದು ಫಿಲಮ್ಮಿನ ಹಿಂದೆ ಉದ್ದನೆಯ ಕಾಗದದ ಬಾಲ ಅಂಟಿಸುವುದು, ಅಥವಾ ಫಿಲಮ್ಮಿಗಿಂತ ದೊಡ್ಡದಾದ ಗಟ್ಟಿ ಹಾಳೆಯ ಮೇಲೆ ಅದನ್ನು ಕೂರಿಸಿ ಕಳಿಸುವುದು. ಹಾಳೆ ಸುರುಳಿಯಾಗಿದ್ದರೆ ಅಂಚು ಎದ್ದು ತಲೆಗೆ ಹೊಡೆಯುತ್ತದೆ. ಆ ತಲೆ ಹೋದರೆ ಯಂತ್ರವೇ ಹೋದಂತೆ.

ಇನ್ನೊಂದು ತೊಡಕು ತಮಾಷೆಯದು. ಯಂತ್ರ ಹಾಳೆ ಬಂದಿದೆಯೋ ಇಲ್ಲವೋ ಎಂದು ಬೆಳಕಿನ ಕಣ್ಣಿನಿಂದ ನೋಡಿ ತಿಳಿಯುವ ಮಾದರಿಗಳಲ್ಲಿ ಪಾರದರ್ಶಕ ಫಿಲಂ ಕಾಣುವುದೇ ಇಲ್ಲ! ಹಾಳೆ ಹಾಕಿದ್ದರೂ ಕಾಗದವಿಲ್ಲವೆಂದು ಹಟ ಹಿಡಿಯುತ್ತದೆ. ಫಿಲಮ್ಮಿನ ಅಂಚಿಗೆ ಬಿಳಿಯ ಟೇಪು ಅಂಟಿಸಿದರೆ ಸುಮ್ಮನಾಗುತ್ತದೆ.

ಯಂತ್ರ ಮುಟ್ಟದೆಯೇ ಕಂಡುಕೊಂಡ ದಾರಿಗಳೂ ಇವೆ. ಶಾಯಿ ಹೆಚ್ಚು ಸುರಿದಷ್ಟೂ ಲೇಪ ಮೆತ್ತಗಾಗುತ್ತದೆ, ಗುರುತು ಆಳವಾಗುತ್ತದೆ. ಆದ್ದರಿಂದ ಕಡಿಮೆ ಶಾಯಿಯಲ್ಲೇ ಅತಿನೇರಳೆ ಕಿರಣವನ್ನು ಪೂರ್ತಿ ತಡೆಯುವ ಕಪ್ಪು ಬೇಕು. ಎಲ್ಲ ಬಣ್ಣದ ಡಬ್ಬಿಗಳಲ್ಲೂ ಕಪ್ಪನ್ನೇ ತುಂಬುವುದು, ತಲೆ ಒಂದೊಂದು ಸಲ ಹಾದುಹೋಗುವ ನಡುವೆ ಒಣಗಲು ಬಿಡುವು ಕೊಡುವ ತಂತ್ರಾಂಶ ಬಳಸುವುದು ಇದರ ಭಾಗ. ಲೇಪದಲ್ಲಿ ಸೂಕ್ಷ್ಮ ರಂಧ್ರಗಳಿರುವ ಫಿಲಂ ಬಂದಮೇಲೆ ಶಾಯಿ ಬೇಗ ಇಂಗಿ ಅರ್ಧ ತೊಂದರೆ ತಗ್ಗಿತು. ಅಗಲ ಹಾಳೆಯ ವೃತ್ತಿಪರ ಯಂತ್ರಗಳು ಕೆಳಗಿನಿಂದ ಗಾಳಿ ಹೀರಿ ಹಾಳೆಯನ್ನು ಚಪ್ಪಟೆಯಾಗಿ ಹಿಡಿಯುತ್ತವೆ, ಅಂಥ ಅನೇಕ ಮಾದರಿಗಳಲ್ಲಿ ಹಲ್ಲುಚಕ್ರವೇ ಇಲ್ಲ. ಅಂದರೆ ಗುರುತಿಲ್ಲದ ಮುದ್ರಣ ಕಂಪನಿಗಳಿಗೆ ತಿಳಿಯದ ವಿದ್ಯೆಯಲ್ಲ. ಅದಕ್ಕೆ ಬೇರೆ ಬೆಲೆ, ಅಷ್ಟೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದುಡ್ಡು ಕೊಟ್ಟು ತಂದ ಯಂತ್ರ ಯಾರದು? ಕಂಪನಿಗಳು ಯಂತ್ರವನ್ನು ಅಗ್ಗಕ್ಕೆ ಕೊಟ್ಟು ಶಾಯಿಯಲ್ಲಿ ಲಾಭ ಮಾಡುವ ವ್ಯಾಪಾರ ಹೂಡಿದವು. ಡಬ್ಬಿಗೆ ಚಿಪ್ ಕೂರಿಸಿ ಬೇರೆಯವರ ಶಾಯಿ ಹಾಕದಂತೆ ಬೀಗ ಜಡಿದವು. ಏಷ್ಯಾದ ಬಡ ಮುದ್ರಕರು ಇದಕ್ಕೆ ಕೊಟ್ಟ ಉತ್ತರ ಯಂತ್ರದ ಪಕ್ಕಕ್ಕೆ ಶಾಯಿಯ ಬಾಟಲಿ ನೇತುಹಾಕಿ, ಮುಚ್ಚಳದಲ್ಲಿ ತೂತು ಕೊರೆದು, ನಳಿಕೆ ಎಳೆಯುವುದು. ಕಾಯಿಲೆಯವನಿಗೆ ಡ್ರಿಪ್ ಹಾಕಿದಂತೆ ಕಾಣುವ ಈ ಯಂತ್ರಗಳನ್ನು ನಮ್ಮ ಫೋಟೊ ಸ್ಟುಡಿಯೊಗಳಲ್ಲಿ ಯಾರು ನೋಡಿಲ್ಲ? ಬಹಳ ಕಾಲ ಇದನ್ನು ನಕಲಿ, ಹಾನಿಕರ ಎಂದು ದೂರಿದ ಉದ್ಯಮವೇ ಕೊನೆಗೆ ಮಣಿಯಿತು. 2010ರಲ್ಲಿ ಎಪ್ಸನ್ ಇಂಡೋನೇಷ್ಯಾದಲ್ಲಿ ಪಕ್ಕದಲ್ಲೇ ಶಾಯಿಯ ತೊಟ್ಟಿಯಿರುವ ಪ್ರಿಂಟರನ್ನು ತಾನೇ ಬಿಡುಗಡೆ ಮಾಡಿತು, ಆಮೇಲೆ ನಮ್ಮ ದೇಶಕ್ಕೂ ತಂದಿತು. ಈಗ ಎಲ್ಲ ದೊಡ್ಡ ಕಂಪನಿಗಳೂ ಅಂಥವನ್ನು ಮಾರುತ್ತಿವೆ. ಜಾಹೀರಾತಿನಲ್ಲಿ ಅದು ಕಂಪನಿಯ ಆವಿಷ್ಕಾರ. ಮೊದಲು ತೂತು ಕೊರೆದವನ ಹೆಸರು ಯಾವ ಡಬ್ಬದ ಮೇಲೂ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟು 2017ರ ಮೇ ತಿಂಗಳಲ್ಲಿ ಲೆಕ್ಸ್‌ಮಾರ್ಕ್ ಕಂಪನಿಯ ವಿರುದ್ಧ ತೀರ್ಪು ಕೊಟ್ಟು, ಡಬ್ಬಿಯನ್ನು ಒಮ್ಮೆ ಮಾರಿದ ಮೇಲೆ ಪೇಟೆಂಟಿನ ಹೆಸರಿನಲ್ಲಿ ಅದರ ಮರುಬಳಕೆಯನ್ನು ತಡೆಯುವ ಹಕ್ಕು ಮಾರಿದವನಿಗೆ ಉಳಿಯುವುದಿಲ್ಲ ಎಂದಿತು. ಇಷ್ಟು ಸರಳವಾದ ಮಾತನ್ನು ಹೇಳಿಸಲು ಅಷ್ಟು ದೊಡ್ಡ ನ್ಯಾಯಾಲಯದ ಬಾಗಿಲು ಬಡಿಯಬೇಕಾಯಿತು.

ಇದು ಮೊದಲ ಜಗಳವೂ ಅಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಆಗಾಗ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ಸಿಕ್ಕಿಕೊಂಡ ಕೂಡಲೇ ಎಲ್ಲರಿಗೂ ಸುದ್ದಿ ಕಳಿಸುವಂತೆ ಅದರ ತಂತ್ರಾಂಶವನ್ನು ತಿದ್ದಲು ಹೊರಟ ರಿಚರ್ಡ್ ಸ್ಟಾಲ್‌ಮನ್‌ಗೆ ಮೂಲಸಂಕೇತ ಕೊಡಲು ನಿರಾಕರಿಸಲಾಯಿತು. ಆ ಕಹಿಯಿಂದ ಮುಂದೆ, 1983ರಲ್ಲಿ, ಮುಕ್ತ ತಂತ್ರಾಂಶದ ಗ್ನೂ ಯೋಜನೆ ಹುಟ್ಟಿತು. ಅಲ್ಲಿಯೂ ಪ್ರಿಂಟರೇ!

ಇಂದು ಬಹುಪಾಲು ಮದುವೆ ಕಾಗದಗಳು ಡಿಜಿಟಲ್ ಯಂತ್ರದಲ್ಲಿ ಬರುತ್ತವೆ, ಇಲ್ಲವೇ ಮೊಬೈಲಿನ ಚಿತ್ರವಾಗಿಯೇ ಹಂಚಿಹೋಗುತ್ತವೆ. ಆದರೂ ಚಿನ್ನದ ದಪ್ಪ ಶಾಯಿ, ಮುಟ್ಟಿದರೆ ಬೆರಳಿಗೆ ತಾಗುವ ಅಕ್ಷರ ಬೇಕೆನ್ನುವವರು ಸ್ಕ್ರೀನ್ ಪ್ರಿಂಟರನ ಬಳಿಗೇ ಬರುತ್ತಾರೆ. ಮುಸ್ಲಿಂ ಮದುವೆಯ ಕಾಗದದ ತಲೆಯಲ್ಲಿ ಬರುವ ‘ಬಿಸ್ಮಿಲ್ಲಾ’ ಮೊದಲು ಯಾವುದೋ ಹಳೆಯ ಪುಸ್ತಕದಿಂದ ಕತ್ತರಿಸಿ ಅಂಟಿಸಿದ, ಯಾರೋ ಹೆಸರಿಲ್ಲದ ಕಾತಿಬನ ಕೈಬರಹವಾಗಿರುತ್ತಿತ್ತು. ಈಗ ಅದು ಕಂಪ್ಯೂಟರಿನ ಕಡತದಲ್ಲಿದೆ. ದಪ್ಪ ಕಲಮಿನ ಆ ಉದ್ದನೆಯ ಎಳೆತದಲ್ಲೇ ಹಲ್ಲುಚಕ್ರದ ಚುಕ್ಕೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು. ಚಕ್ರ ಕಿತ್ತಿರದ ಯಂತ್ರದವರು ಫಿಲಮ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, ಕಪ್ಪು ಮಾರ್ಕರ್ ಪೆನ್ನಿನ ಮೊನೆಯಿಂದ ಆ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತಾರೆ.